ಬಾಡಿಗೆ ಮನೆಗೊಂದು ಕಂಪನಿ ಬೇಕೇ?

"ಕಂಪನಿ ಮಾಡಿಬಿಡೋಣ ಕಣೋ, ತೆರಿಗೆ ಬರೀ ಶೇ. 22" ಎಂದರು ಭಾವ. ಬೆಂಗಳೂರಿನಲ್ಲಿ ಇಬ್ಬರದೂ ಬಾಡಿಗೆ ಮನೆಗಳಿವೆ, ಸೇರಿ ಇನ್ನೊಂದು ಕೊಳ್ಳುವ ಯೋಚನೆಯಿತ್ತು. ಶೇ. 30ರ ಸ್ಲ್ಯಾಬ್‌ನಲ್ಲಿರುವ ನನಗೂ ಆಸೆ ಹುಟ್ಟಿತು.

ಆಡಿಟರ್ ವಾದಕ್ಕಿಳಿಯಲಿಲ್ಲ. ಹಳೇ ಚಲನ್ ಮಗುಚಿ, ಹಿಂಬದಿಯಲ್ಲಿ 100 ಎಂದು ಬರೆದರು. ಅದು ಬಾಡಿಗೆ. ಸಾಲದ ಬಡ್ಡಿಯನ್ನು ಸದ್ಯಕ್ಕೆ ಬದಿಗಿಟ್ಟರು. ವಾಸದ ಮನೆಯ ಬಾಡಿಗೆಯಲ್ಲಿ ಶೇ. 30 ಕಳೆದು 70ಕ್ಕೆ ತೆರಿಗೆ. ಮಾಲೀಕ ವ್ಯಕ್ತಿಯಾದರೂ ಕಂಪನಿಯಾದರೂ ಇದು ಒಂದೇ. ನಮ್ಮ ಹೆಸರಲ್ಲಿದ್ದರೆ ಸೆಸ್ ಸೇರಿ 22 ರೂಪಾಯಿ ಹೋಗಿ ಕೈಗೆ 78. ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ಶೇ. 25.17, ಹೋಗುವುದು 18ಕ್ಕೂ ಕಡಿಮೆ. ಭಾವನ ಮುಖ ಅರಳಿತು. ಆದರೆ ಉಳಿದ 82 ಕಂಪನಿಯ ದುಡ್ಡು. ಡಿವಿಡೆಂಡ್ ಎಂದು ಮನೆಗೆ ತಂದರೆ ನಮ್ಮ ಸ್ಲ್ಯಾಬ್‌ನಲ್ಲಿ ಮತ್ತೆ ತೆರಿಗೆ, 2020ರ ಏಪ್ರಿಲ್‌ನಿಂದ ಇದೇ ನಿಯಮ. ಕೊನೆಗೆ ದಕ್ಕುವುದು 57ರ ಆಸುಪಾಸು.

"ಸಂಬಳ ಅಂತ ತಗೊಂಡ್ರೆ?" ಭಾವ ಬಿಡಲಿಲ್ಲ.

"ಆಗಲ್ಲ ಸಾರ್. 2024ರ ಬಜೆಟ್ ಆದ್ಮೇಲೆ ವಾಸದ ಮನೆ ಬಾಡಿಗೇನ ವ್ಯಾಪಾರದ ಆದಾಯ ಅಂತ ತೋರಿಸೋ ಹಾಗಿಲ್ಲ. ಆ ಬಾಡಿಗೆಯಲ್ಲಿ ಸಂಬಳ ಕಳೆಯೋಕೆ ಬರಲ್ಲ."

ಕಂಪನಿಯ ಬದಲು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿದರೆ ಎರಡನೇ ತೆರಿಗೆಯಿಲ್ಲ, ಆದರೆ ಮೊದಲ ರೂಪಾಯಿಯಿಂದಲೇ ಶೇ. 30. ನಮಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈಗಿರುವ ಮನೆಗಳನ್ನು ಕಂಪನಿಗೆ ಸೇರಿಸಹೊರಟರೆ ಅದು ಮಾರಾಟವೇ. 80 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, 2025ರ ಆಗಸ್ಟ್ ಕೊನೆಗೆ ಶೇ. 2ಕ್ಕೇರಿದ ನೋಂದಣಿ ಶುಲ್ಕ ಎಲ್ಲ ಸೇರಿ 6 ಲಕ್ಷ. ಬಂಡವಾಳ ಲಾಭದ ತೆರಿಗೆ ಬೇರೆ. ಮುಂದೆ ಮನೆ ಮಾರಿ ಇನ್ನೊಂದು ಕೊಂಡರೆ ನಮಗೆ ಸಿಗುವ ವಿನಾಯಿತಿ ಕಂಪನಿಗಿಲ್ಲ. ವಹಿವಾಟು ಎಷ್ಟೇ ಇರಲಿ, ವರ್ಷವರ್ಷ ಆಡಿಟ್ ಕಡ್ಡಾಯ. ವಾರ್ಷಿಕ ಫಾರಂ ತಡವಾದರೆ ದಿನಕ್ಕೆ 100 ರೂಪಾಯಿ, ಅದೂ ಒಂದೊಂದು ಫಾರಂಗೆ. ಸಾಲ ಬಂದರೆ ನಮ್ಮ ಆಸ್ತಿಗೆ ಕುತ್ತಿಲ್ಲ ಎಂಬ ಧೈರ್ಯವೂ ಅರ್ಧದ್ದು: ಸಣ್ಣ ಕಂಪನಿಗೆ ಸಾಲ ಕೊಡುವ ಬ್ಯಾಂಕು ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಕೇಳಿಯೇ ಕೇಳುತ್ತದೆ.

ಬಾಡಿಗೆ ಮುಟ್ಟದೆ ಕಂಪನಿಯಲ್ಲೇ ಬೆಳೆಸುತ್ತ ಮತ್ತಷ್ಟು ಕಟ್ಟಡ ಕೊಳ್ಳುವವರ ಲೆಕ್ಕ ಬೇರೆ. ಐದಾರು ವಾರಸುದಾರರಿರುವ ಕುಟುಂಬಕ್ಕೂ ಕಂಪನಿ ಒಳ್ಳೆಯದೇ. ಮನೆಗೆ ಗೋಡೆ ಹಾಕುವುದಕ್ಕಿಂತ ಷೇರು ಹಂಚುವುದು ಸಲೀಸು. ತಿಂಗಳ ಬಾಡಿಗೆಯಲ್ಲೇ ಮಕ್ಕಳ ಫೀಸು ಕಟ್ಟುವ ನಮ್ಮಂಥವರಿಗಲ್ಲ.

ಹೊಸ ಮನೆಯನ್ನು ಜಂಟಿಯಾಗಿ ಕೊಂಡು, ಕ್ರಯಪತ್ರದಲ್ಲೇ ಅರ್ಧರ್ಧ ಪಾಲು ಎಂದು ಬರೆಸಿದೆವು. ಬಾಡಿಗೆ ಈಗ ಪಾಲಿನಂತೆ ಇಬ್ಬರ ರಿಟರ್ನ್‌ಗೂ ಹಂಚಿಹೋಗುತ್ತದೆ. ಕಂಪನಿಗೆಂದು ಭಾವ ಆರಿಸಿಟ್ಟಿದ್ದ ಹೆಸರು ಗೇಟಿನ ಮೇಲಿದೆ.