ಸುತ್ತುವ ಫ್ಲಾಸ್ಕಿನೊಳಗಿನ ಉಸಿರು

ವೈದ್ಯರು ಬರೆದುಕೊಡುವ ಅನೇಕ ಜೀವಿರೋಧಕ ಔಷಧಗಳ ಶೋಧವು ಗಾಜಿನ ಫ್ಲಾಸ್ಕಿನಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವುದರಿಂದ ಆರಂಭವಾಗುತ್ತದೆ. ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ, ಮೈಸೂರಿನವರಾದ ಎಂ. ಜೆ. ತಿರುಮಲಾಚಾರ್ ಹಾಗೂ ಸಂಗಡಿಗರು ಶಿಲೀಂಧ್ರನಾಶಕವಾದ ಹ್ಯಾಮೈಸಿನ್ನನ್ನು ಇಂಥದೊಂದು ಜೀವಿಯಿಂದಲೇ ಪಡೆದರು.

ಈ ಫ್ಲಾಸ್ಕನ್ನು ಯಂತ್ರದ ಮೇಲಿಟ್ಟು ಹಗಲಿರುಳೂ ಸುತ್ತಿಸುವುದೇಕೆ? ಆಹಾರ ಬೆರೆಯಲೆಂದು ಮಾತ್ರವಲ್ಲ, ಜೀವಿಗಳು ಉಸಿರಾಡಲೆಂದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ ಮಾತ್ರ. ದಟ್ಟವಾಗಿ ಬೆಳೆದ ಜೀವಿಗಳು ಅದನ್ನು ಒಂದು ನಿಮಿಷದೊಳಗೇ ಮುಗಿಸಬಲ್ಲವು.

ನಿಮಿಷಕ್ಕೆ 200 ಬಾರಿ ಸುತ್ತಿದಾಗ ದ್ರವವು ಬಾಲಚಂದ್ರನಂತೆ ಬಾಗಿ ಗೋಡೆಯ ಗುಂಟ ಓಡುತ್ತದೆ; ಹಿಂದೆ ಗಾಜಿನ ಮೇಲೆ ತೆಳುವಾದ ಪದರವೊಂದು ಉಳಿಯುತ್ತದೆ. ಆ ಪದರ ಹೀರಿದ ಆಮ್ಲಜನಕವು ಮುಂದಿನ ಸುತ್ತಿನಲ್ಲಿ ದ್ರವದೊಡನೆ ಬೆರೆಯುತ್ತದೆ. ಆದುದರಿಂದಲೇ 250 ಮಿಲಿಲೀಟರ್ ಫ್ಲಾಸ್ಕಿನಲ್ಲಿ ಸಾಮಾನ್ಯವಾಗಿ 50 ಮಿಲಿಲೀಟರಿಗಿಂತ ಹೆಚ್ಚು ದ್ರವ ತುಂಬುವುದಿಲ್ಲ.

ಗಾಜಿನ ಗೋಡೆಗೆ ಒಳತಗ್ಗುಗಳಿದ್ದರೆ ಕಲಕಾಟ ಹೆಚ್ಚುತ್ತದೆ, ನಿಜ. ಆದರೆ ನೊರೆಯೆದ್ದು ಹತ್ತಿಯ ಬಿರಡೆ ತೊಯ್ದರೆ ಗಾಳಿಯ ದಾರಿಯೇ ಮುಚ್ಚೀತು. ಶಿಲೀಂಧ್ರದ ಎಳೆಗಳಿಂದ ದ್ರವ ಮಂದವಾದಾಗ, ಯಂತ್ರ ಸುತ್ತುತ್ತಿದ್ದರೂ ದ್ರವ ಹಿಂದುಳಿದು ತಳದಲ್ಲಿಯೇ ತೊನೆಯುವುದುಂಟು.

ಆಗ ಉತ್ತಮ ಔಷಧ ನೀಡಬಲ್ಲ ಜೀವಿಯೂ ಉಸಿರುಗಟ್ಟಿ ಸೊರಗುತ್ತದೆ. ಪರೀಕ್ಷಕನು ಅದನ್ನು ನಿಷ್ಪ್ರಯೋಜಕವೆಂದು ಎಸೆದರೆ, ರೋಗಿಗೆ ದೊರೆಯಬೇಕಾದ ಮದ್ದು ಅಲ್ಲಿಯೇ ಕಳೆದುಹೋಗುತ್ತದೆ. ಫ್ಲಾಸ್ಕಿನಲ್ಲಿ ಬಿಟ್ಟ ಬರಿದಾದ ಜಾಗವೂ ಔಷಧದ ಪಾಕದಲ್ಲಿ ಒಂದು ಪಾಲು.