ಕೆಂಪು ಬಾಳೆ, ತೊಗರಿ ಬೇಳೆ ಮತ್ತು ‘ರಾಷ್ಟ್ರೀಯ ಮಹತ್ವ’

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದ್ರೆ ಕಮಲಾಪುರ ಸಿಗುತ್ತೆ. ಅಲ್ಲಿನ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ, ನಮ್ಮ ತೊಗರಿ ಬೇಳೆಗೂ ಇದೆ. ‘ಈ ಗುಣ ಈ ನೆಲದ್ದೇ’ ಅಂತ ತೋರಿಸಿದ್ರೆ ಮಾತ್ರ ಜಿಐ ಸಿಗೋದು. ಅಮೆರಿಕದಲ್ಲಿರೋ ನಮ್ಮಂಥ ಇಂಜಿನಿಯರ್‌ಗಳು ಹಾಕುವ ಒಂದು ಅರ್ಜಿ ಇದಕ್ಕೆ ಪೂರಾ ಉಲ್ಟಾ. ‘ನನ್ನ ಕೆಲಸದ ಉಪಯೋಗ ನನ್ನ ಕಂಪನಿಯ ಗೋಡೆ ದಾಟಿ ಹೋಗುತ್ತೆ’ ಅಂತ ಅಲ್ಲಿ ಸಾಬೀತು ಮಾಡಬೇಕು. ಅದರ ಹೆಸರು ನ್ಯಾಷನಲ್ ಇಂಟರೆಸ್ಟ್ ವೇವರ್. ಎಂ.ಎಸ್. ಮಾಡೋ ಯೋಚನೆ ಇರೋರು ಇದನ್ನ ಈಗಲೇ ತಿಳ್ಕೋಬೇಕು, ಯಾಕಂದ್ರೆ ಬೇಕಾಗೋ ಪುರಾವೆ ಕೂಡಿಬರೋಕೆ ವರ್ಷಗಳೇ ಬೇಕು.

ಏನಿದು?

ಗ್ರೀನ್ ಕಾರ್ಡ್‌ನ ಇಬಿ-2 ವರ್ಗದಲ್ಲಿ ಸಾಮಾನ್ಯವಾಗಿ ಕಂಪನಿಯೇ ಅರ್ಜಿ ಹಾಕುತ್ತೆ. ಆ ಕೆಲಸಕ್ಕೆ ಅರ್ಹ ಅಮೆರಿಕನ್ನರು ಸಿಗಲಿಲ್ಲ ಅಂತ ಕಾರ್ಮಿಕ ಇಲಾಖೆಯ ಪ್ರಮಾಣಪತ್ರವೂ ಬೇಕು. ವೇವರ್‌ನಲ್ಲಿ ಈ ಎರಡೂ ಮಾಫಿ, ಅರ್ಜಿಯನ್ನ ನೀವೇ ಹಾಕಬಹುದು. ಮಾಸ್ಟರ್ಸ್ ಆಗಿರಬೇಕು, ಇಲ್ಲವೇ ಬಿ.ಇ. ಜೊತೆಗೆ ಆ ಕ್ಷೇತ್ರದಲ್ಲಿ ಐದು ವರ್ಷದ ಬೆಳೆಯುತ್ತ ಬಂದ ಅನುಭವ ಇರಬೇಕು. ಆಮೇಲೆ ಮೂರು ಪ್ರಶ್ನೆ:

1. ಕೈಗೊಳ್ಳುವ ಕೆಲಸಕ್ಕೆ ಗಟ್ಟಿ ಮೌಲ್ಯ ಮತ್ತು ರಾಷ್ಟ್ರೀಯ ಮಹತ್ವ ಇದೆಯಾ?
2. ಅದನ್ನ ಮುಂದಕ್ಕೆ ಒಯ್ಯೋ ಸಾಮರ್ಥ್ಯ ನಿಮಗಿದೆಯಾ?
3. ಮಾಮೂಲಿ ನಿಯಮ ಬಿಟ್ಟುಕೊಟ್ಟರೆ ಒಟ್ಟಾರೆ ದೇಶಕ್ಕೆ ಲಾಭವಾ?

ಎಡವೋದು ಎಲ್ಲಿ?

ಈ ಮೂರು ಪ್ರಶ್ನೆ ಬಂದದ್ದು 2016ರ ಡಿಸೆಂಬರ್‌ನ ‘ಧನಸಾರ್’ ತೀರ್ಪಿನಿಂದ. ಅರ್ಜಿದಾರರು ಏರೋಸ್ಪೇಸ್ ಇಂಜಿನಿಯರ್, ಹೈಪರ್‌ಸಾನಿಕ್ ಪ್ರೊಪಲ್ಷನ್ ಸಂಶೋಧಕರು. ಜೊತೆಗೆ ಪಾಠವನ್ನೂ ಮಾಡುತ್ತಿದ್ದರು. ಸಂಶೋಧನೆಗೆ ರಾಷ್ಟ್ರೀಯ ಮಹತ್ವ ಇದೆ ಅಂತ ಒಪ್ಪಿದರು, ಅರ್ಜಿಯೂ ಮಂಜೂರಾಯಿತು. ಆದರೆ ಪಾಠ ಮಾಡೋದಕ್ಕೆ ಆ ಮಹತ್ವ ಒಪ್ಪಲಿಲ್ಲ. ವಿಜ್ಞಾನ ಶಿಕ್ಷಣ ದೇಶಕ್ಕೆ ಬೇಡ ಅಂತಲ್ಲ. ಅವರ ಪಾಠ ತಮ್ಮ ತರಗತಿ ದಾಟಿ ಇಡೀ ಕ್ಷೇತ್ರವನ್ನ ಮುಟ್ಟುತ್ತೆ ಅನ್ನೋಕೆ ಪುರಾವೆ ಸಾಲಲಿಲ್ಲ. ಒಬ್ಬರೇ ವ್ಯಕ್ತಿ, ಎರಡು ಕೆಲಸ, ಎರಡು ಉತ್ತರ!

ಅಂದ್ರೆ ಕ್ಷೇತ್ರ ದೊಡ್ಡದು ಅಂದ್ರೆ ಸಾಲದು, ಸಂಬಳ ದೊಡ್ಡದಿದ್ದರೂ ಸಾಲದು. ನಿಮ್ಮ ಕೆಲಸ ಎಷ್ಟು ದೂರ ಮುಟ್ಟುತ್ತೆ ಅನ್ನೋದೇ ಲೆಕ್ಕ. ಹಾಗಂತ ದೇಶವೆಲ್ಲಾ ಹರಡಿರಲೇಬೇಕು ಅಂತಿಲ್ಲ. ಅದೇ ತೀರ್ಪಿನ ಪ್ರಕಾರ, ಆರ್ಥಿಕವಾಗಿ ಹಿಂದುಳಿದ ಒಂದು ಪ್ರದೇಶದಲ್ಲಿ ಗಣನೀಯ ಉದ್ಯೋಗ ಸೃಷ್ಟಿಸೋ ಕೆಲಸಕ್ಕೂ ರಾಷ್ಟ್ರೀಯ ಮಹತ್ವ ಇರಬಹುದು. 371(ಜೆ) ಕಂಡಿರೋ ಕಲ್ಯಾಣ ಕರ್ನಾಟಕದವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ.

ಬೇಳೆ ಮಿಲ್‌ನ ಉದಾಹರಣೆ

ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಕ್ಯಾಮೆರಾದಿಂದ ಹಾಳಾದ ಬೇಳೆ ಬೇರ್ಪಡಿಸೋದು ಅಂದ್ಕೊಳ್ಳಿ. ಮುಂದೆ ಅಮೆರಿಕದಲ್ಲೂ ಅದೇ ಕೆಲಸ; ಮೊಂಟಾನಾ, ನಾರ್ತ್ ಡಕೋಟಾದಲ್ಲೂ ಬೇಳೆಕಾಳು ಬೆಳೀತಾರೆ.

ಸೊರಗಿದ ವಾದ: ‘ಆಹಾರ ಸಂಸ್ಕರಣೆ ದೇಶಕ್ಕೆ ಮುಖ್ಯ. ನಾನು ಆ ಕ್ಷೇತ್ರದ ಇಂಜಿನಿಯರ್. ನನ್ನಿಂದ ಕಂಪನಿಯ ಖರ್ಚು ಉಳಿದಿದೆ.’

ಗಟ್ಟಿ ವಾದ: ‘ಸಣ್ಣ ಮಿಲ್‌ಗಳಿಗೂ ಕೈಗೆಟಕೋ ವಿಧಾನ ಮಾಡ್ತಿದ್ದೀನಿ. ಅದನ್ನ ಪ್ರಕಟಿಸಿದ್ದೀನಿ. ನನಗೆ ಸಂಬಂಧವಿಲ್ಲದ ಮಿಲ್‌ಗಳು ಬಳಸಿ ನೋಡಿವೆ, ಇಗೋ ಅವರ ಪತ್ರ.’

ಮೊದಲನೆಯದರಲ್ಲಿ ಲಾಭ ಕಂಪನಿಯ ಒಳಗೇ ಉಳೀತು. ಎರಡನೆಯದರಲ್ಲಿ ಹೊರಗೆ ಬಂತು, ಸಾಕ್ಷಿ ಸಮೇತ.

ಈಗಿಂದಲೇ ಏನು ಮಾಡಬಹುದು?

ಪ್ರಾಜೆಕ್ಟ್ ರಿಪೋರ್ಟ್ ಮತ್ತು ಕೋಡನ್ನ ತಾರೀಖಿನ ಸಮೇತ ಇಟ್ಕೊಳ್ಳಿ. ಪೇಪರ್ ಆದರೆ ಅದನ್ನ ಯಾರು, ಯಾತಕ್ಕೆ ಉಲ್ಲೇಖಿಸಿದ್ರು ಅಂತ ಬರೆದಿಡಿ. ನಿಮ್ಮ ವಿಧಾನ ಹೊರಗಿನವರು ಬಳಸಿದ್ರೆ ಒಂದು ಇ-ಮೇಲ್ ಆದರೂ ಕೇಳಿ ಪಡೀರಿ. ‘ಬಹಳ ಪ್ರತಿಭಾವಂತ’ ಅನ್ನೋ ಗೈಡ್ ಪತ್ರಕ್ಕಿಂತ ‘ಇದನ್ನ ಬಳಸಿದೆವು, ಇಷ್ಟು ಫರಕ್ ಬಿತ್ತು’ ಅನ್ನೋ ಅಪರಿಚಿತರ ಪತ್ರಕ್ಕೆ ತೂಕ ಜಾಸ್ತಿ.

ಕೊನೆಗೊಂದು ಎಚ್ಚರಿಕೆ. ಅರ್ಜಿ ಮಂಜೂರಾದ ಮಾತ್ರಕ್ಕೆ ಗ್ರೀನ್ ಕಾರ್ಡ್ ಕೈಗೆ ಬರಲ್ಲ. ಒಂದು ದೇಶಕ್ಕೆ ಶೇ. 7ರ ಮಿತಿ ಇರೋದರಿಂದ ಭಾರತದಲ್ಲಿ ಹುಟ್ಟಿದವರ ಇಬಿ-2 ಸಾಲು ವರ್ಷಗಟ್ಟಲೆ ಉದ್ದ. ವೇವರ್ ಆ ಸಾಲನ್ನ ಕಡಿಮೆ ಮಾಡಲ್ಲ. ಸಾಲ ಮಾಡಿ ಹೊರಡೋ ಮುಂಚೆ ಇದನ್ನ ಮನೇಲೂ ಬಿಡಿಸಿ ಹೇಳಿ.

‘ನನ್ನ ಕೆಲಸ ನನ್ನ ಹೊರತು ಯಾರಿಗೆ ಬೇಕು?’ ಹೋಗಲಿ ಬಿಡಲಿ, ಈ ವರ್ಷದ ಪ್ರಾಜೆಕ್ಟ್ ವಿಷಯ ಆರಿಸೋವಾಗ ಈ ಪ್ರಶ್ನೆ ಕೇಳ್ಕೊಳ್ರಿ.