ಮುಚ್ಚಿದ ಪೊಟ್ಟಣದ ಲೆಕ್ಕ

ಹಾಕಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಹುಲ್ಲಿನ ಮೈದಾನ, ಚೆಂಡು ಮತ್ತು ತುದಿ ಬಾಗಿದ ಕೋಲು. ಕೆನಡಾ ದೇಶದ ಬಾಲಕನಿಗೆ ಹಾಗಲ್ಲ. ಅವನ ಹಾಕಿಯು ಹೆಪ್ಪುಗಟ್ಟಿದ ನೀರಿನ ಮೇಲೆ ನಡೆಯುವ ಆಟ. ಕಾಲಿಗೆ ಉಕ್ಕಿನ ಅಲಗುಳ್ಳ ಬೂಟು, ಚೆಂಡಿನ ಸ್ಥಾನದಲ್ಲಿ ಗಟ್ಟಿ ರಬ್ಬರಿನ ಬಿಲ್ಲೆ. ಈ ಆಟಗಾರರ ಚಿತ್ರವುಳ್ಳ ಕಾರ್ಡುಗಳನ್ನು ಕೂಡಿಡುವುದು ಅಲ್ಲಿ ಬಹುಕಾಲದ ಹವ್ಯಾಸ. ಒಂಟಾರಿಯೋ ಪ್ರಾಂತದ ಲಂಡನ್ ನಗರದ ಓ-ಪೀ-ಚೀ ಎಂಬ ಮಿಠಾಯಿ ಕಂಪನಿಯು 1933ರಲ್ಲಿಯೇ ಇಂಥ ಕಾರ್ಡುಗಳನ್ನು ಹೊರತಂದಿತು. ಮುಂಬದಿಯಲ್ಲಿ ಆಟಗಾರನ ಚಿತ್ರ, ಹಿಂಬದಿಯಲ್ಲಿ ಅವನ ವಿವರ. ಒಳಗೆ ಯಾರಿದ್ದಾರೆಂದು ಪೊಟ್ಟಣವನ್ನು ಒಡೆಯುವವರೆಗೆ ತಿಳಿಯದು.

ನಿಮ್ಮಲ್ಲಿ ಕೆಲವರ ಕಂಪಾಸು ಪೆಟ್ಟಿಗೆಗಳಲ್ಲಿ ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ನಾನು ಕಂಡಿದ್ದೇನೆ. ಆದುದರಿಂದ ಈ ವಿಷಯವು ನಿಮಗೆ ತೀರ ಹೊಸದಲ್ಲ. ಹಾಕಿ ಕಾರ್ಡುಗಳನ್ನೇ ನಾನು ಆರಿಸಿಕೊಂಡುದಕ್ಕೆ ಕಾರಣವುಂಟು: ಯಾವ ಬಗೆಯ ಕಾರ್ಡು ಎಷ್ಟು ಪೊಟ್ಟಣಗಳಿಗೊಮ್ಮೆ ದೊರೆಯುವುದೆಂಬುದನ್ನು ಅಲ್ಲಿ ಪೊಟ್ಟಣದ ಮೇಲೆಯೇ ಅಚ್ಚು ಮಾಡಿರುತ್ತಾರೆ. ಗಣಿತ ಬಲ್ಲವನಿಗೆ ಅದೊಂದು ಸಿದ್ಧಪಡಿಸಿಟ್ಟ ಪಾಠ.

ಅಪ್ಪರ್ ಡೆಕ್ ಎಂಬ ಅಮೆರಿಕದ ಕಂಪನಿಯು 2015-16ನೆಯ ಸಾಲಿನಲ್ಲಿ ಹೊರತಂದ ಮೊದಲ ಶ್ರೇಣಿಯನ್ನು ತೆಗೆದುಕೊಳ್ಳೋಣ. ಅದರ 250 ಕಾರ್ಡುಗಳಲ್ಲಿ 200 ಸಾಮಾನ್ಯವಾದವು. ಉಳಿದ 50 ಹೊಸದಾಗಿ ಕಣಕ್ಕಿಳಿದ ಆಟಗಾರರವು. ಇವುಗಳಿಗೆ 'ಯಂಗ್ ಗನ್ಸ್' ಎಂದು ಹೆಸರು. ಆ ವರ್ಷ ಎಲ್ಲರೂ ಬಯಸಿದುದು 201ನೆಯ ಕಾರ್ಡನ್ನು, ಎಂದರೆ ಕಾನರ್ ಮೆಕ್‌ಡೇವಿಡ್ ಎಂಬ ತರುಣನದನ್ನು. ಪೊಟ್ಟಣವೊಂದರಲ್ಲಿ 8 ಕಾರ್ಡುಗಳು. ಸರಾಸರಿ ನಾಲ್ಕು ಪೊಟ್ಟಣಗಳಿಗೆ ಒಂದು ಯಂಗ್ ಗನ್ಸ್ ಕಾರ್ಡು.

"ಹಾಗಾದರೆ ನಾಲ್ಕು ಪೊಟ್ಟಣ ಕೊಂಡರೆ ಒಂದು ಸಿಕ್ಕಿಯೇ ಸಿಗುವುದು" ಎಂದು ನೀವು ಹೇಳಬಹುದು. ಇಲ್ಲಿಯೇ ಜನರು ಎಡವುವುದು. ಒಂದು ಪೊಟ್ಟಣದಲ್ಲಿ ಅದು ಇಲ್ಲದಿರುವ ಸಂಭವನೀಯತೆ ನಾಲ್ಕರಲ್ಲಿ ಮೂರು ಭಾಗ. ಬೇರೆ ಬೇರೆ ಅಂಗಡಿಗಳಿಂದ ತಂದ ನಾಲ್ಕು ಪೊಟ್ಟಣಗಳಲ್ಲಿಯೂ ಇಲ್ಲದಿರುವ ಸಂಭವನೀಯತೆಯನ್ನು ತಿಳಿಯಲು ಮುಕ್ಕಾಲನ್ನು ನಾಲ್ಕು ಬಾರಿ ಗುಣಿಸಬೇಕು. ಬರುವ ಉತ್ತರ 81/256, ಎಂದರೆ ನೂರಕ್ಕೆ ಸುಮಾರು 32. ಹೀಗೆ ಕೊಂಡ ಮೂವರು ಹುಡುಗರಲ್ಲಿ ಹೆಚ್ಚುಕಡಿಮೆ ಒಬ್ಬನು ಬರಿಗೈಯಲ್ಲಿ ಮನೆಗೆ ಹೋಗುವನು.

ಇನ್ನು ಮೆಕ್‌ಡೇವಿಡನೇ ಬೇಕೆಂದರೆ? ಐವತ್ತೂ ಹೊಸಬರನ್ನು ಸಮವಾಗಿ ಅಚ್ಚು ಮಾಡಿದ್ದಾರೆಂದು ಇಟ್ಟುಕೊಳ್ಳಿ. ಆಗ ಸರಾಸರಿ 200 ಪೊಟ್ಟಣಗಳಿಗೆ ಅವನದೊಂದು. ಎಂದರೆ 1600 ಕಾರ್ಡುಗಳನ್ನು ಮಗುಚಬೇಕು. ಇಷ್ಟನ್ನೂ ಕೊಂಡವರಲ್ಲಿ ನೂರಕ್ಕೆ ಸುಮಾರು 37 ಮಂದಿಗೆ ಅವನು ದೊರೆಯುವುದೇ ಇಲ್ಲ. ಸರಾಸರಿಯೆಂಬುದು ಅಂಗಡಿಯವನು ಕೊಟ್ಟ ಮಾತಲ್ಲವಷ್ಟೆ! ಅದೇ ಕಾರ್ಡನ್ನು ಬಿಡಿಯಾಗಿ ಮಾರುವವರೂ ಇರುತ್ತಾರೆ. ಅವರ ಬೆಲೆಯನ್ನು 200 ಪೊಟ್ಟಣಗಳ ಬೆಲೆಯೊಡನೆ ಹೋಲಿಸದೆ ಪೊಟ್ಟಣಕ್ಕೆ ಕೈಹಾಕುವುದು ಜಾಣತನವೆಂದು ನನಗೆ ತೋರದು. ಒಡೆಯುವ ಸುಖಕ್ಕಾಗಿಯೇ ಒಂದೆರಡು ಕೊಂಡರೆ ಅದು ಬೇರೆ ಮಾತು.

ಎಲ್ಲಿ ಕೊಳ್ಳುವುದೆಂಬುದೂ ಮುಖ್ಯ. ಕಾರ್ಡುಗಳಿಗೆಂದೇ ಇರುವ ಅಂಗಡಿಗಳಲ್ಲಿ ಆ ವರ್ಷದ ಒಂದು ಪೆಟ್ಟಿಗೆಯಲ್ಲಿ 24 ಪೊಟ್ಟಣಗಳು, ಸರಾಸರಿ ಆರು ಯಂಗ್ ಗನ್ಸ್. ಕಾರ್ಖಾನೆಯಲ್ಲಿ ಇವನ್ನು ಪೆಟ್ಟಿಗೆಗಳಿಗೆ ಸುಮಾರಾಗಿ ಸಮನಾಗಿ ಹಂಚುವುದರಿಂದ, ಒಂದೇ ಪೆಟ್ಟಿಗೆಯ ಪೊಟ್ಟಣಗಳಿಗೆ ಪರಸ್ಪರ ಸಂಬಂಧವಿರುತ್ತದೆ. ಆರು ಇದ್ದ ಪೆಟ್ಟಿಗೆಯಿಂದ ಹತ್ತು ಪೊಟ್ಟಣ ಮಾರಾಟವಾಗಿ ನಾಲ್ಕು ಹೊರಬಂದಿದ್ದರೆ, ಉಳಿದ 14ರಲ್ಲಿ ಎರಡೇ ಉಳಿದವು. ನಾಲ್ಕಕ್ಕೊಂದು ಇದ್ದುದು ಏಳಕ್ಕೊಂದಾಯಿತು. ಅಂಗಡಿಯವನಿಗೆ ಇದು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಒಡೆದ ಪೆಟ್ಟಿಗೆಯ ಬಿಡಿ ಪೊಟ್ಟಣಕ್ಕಿಂತ ಒಡೆಯದ ಪೆಟ್ಟಿಗೆ ಲೇಸೆಂದು ಅನುಭವಿಗಳು ಹೇಳುವುದು ಇದಕ್ಕಾಗಿ.

ಎಲ್ಲ ಸಾಮಾನುಗಳನ್ನೂ ಮಾರುವ ದೊಡ್ಡ ಮಳಿಗೆಗಳಲ್ಲಿ ಪೊಟ್ಟಣಗಳು ಕೈಗೆ ಎಟುಕುವಂತೆ ತೂಗುತ್ತಿರುತ್ತವೆ. ಆಟಗಾರನ ಅಂಗಿಯ ತುಂಡನ್ನು ಅಂಟಿಸಿದ ಕಾರ್ಡು ದಪ್ಪವಾಗಿರುವುದರಿಂದ, ಕೆಲವರು ಪೊಟ್ಟಣಗಳನ್ನು ಹಿಸುಕಿ ನೋಡಿಯೋ ಸಣ್ಣ ತಕ್ಕಡಿಯಲ್ಲಿ ತೂಗಿಯೋ ಒಳ್ಳೆಯವನ್ನು ಆರಿಸಿಕೊಂಡು ಹೋಗುವುದುಂಟು! ತಯಾರಕರೂ ಸುಮ್ಮನಿರಲಿಲ್ಲ; ಸಾಮಾನ್ಯ ಪೊಟ್ಟಣಗಳಲ್ಲಿ ದಪ್ಪನೆಯ ಬರಿಯ ರಟ್ಟನ್ನಿಟ್ಟು ಬೆರಳುಗಳನ್ನು ಮೋಸಗೊಳಿಸಿದರು. ಹಿಂದಿನ ಮೇಣದ ಕಾಗದದ ಪೊಟ್ಟಣವನ್ನಂತೂ ಬಿಚ್ಚಿ, ಬಿಸಿ ತಾಗಿಸಿ ಮತ್ತೆ ಮುಚ್ಚಬಹುದಾಗಿತ್ತು. ಅಪ್ಪರ್ ಡೆಕ್ ಕಂಪನಿಯು 1989ರಲ್ಲಿ ಬೇಸ್‌ಬಾಲ್ ಕಾರ್ಡುಗಳೊಡನೆ ಈ ವ್ಯಾಪಾರಕ್ಕಿಳಿದಾಗ, ಬಿಚ್ಚಿದರೆ ಗುರುತು ಉಳಿಯುವ ಲೋಹದ ಹಾಳೆಯ ಪೊಟ್ಟಣಗಳನ್ನು ತಂದಿತು. ಇಷ್ಟಾದರೂ ಅಂಚು ಸೀಳಿದೆಯೇ, ಅಂಟು ಹೊಸದೇ ಎಂದು ನೋಡಿಯೇ ಕೊಳ್ಳಬೇಕು. ಕಾರ್ಡುಗಳ ಹುಚ್ಚು ಎಷ್ಟಕ್ಕೆ ಏರಿತೆಂದರೆ, 2021ರ ಮೇ ತಿಂಗಳಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಮಳಿಗೆಯೊಂದರ ಹೊರಗೆ ಕಾರ್ಡುಗಳಿಗಾಗಿ ಹೊಡೆದಾಟವಾಗಿ, ಆ ಮಳಿಗೆಯ ಒಡೆತನದ ಕಂಪನಿಯು ಕೆಲವು ಬಗೆಯ ಕಾರ್ಡುಗಳ ಮಾರಾಟವನ್ನು ತನ್ನ ಅಂಗಡಿಗಳಲ್ಲಿ ತಡೆಹಿಡಿಯಿತು.

ಒಡೆಯದ ಪೊಟ್ಟಣದ ಬೆಲೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಒಂದು ನಿದರ್ಶನವಿದೆ. ಕೆನಡಾದ ರೆಜೈನಾ ನಗರದ ಮನೆಯೊಂದರಲ್ಲಿ 1979-80ನೆಯ ಸಾಲಿನ ಓ-ಪೀ-ಚೀ ಕಾರ್ಡುಗಳ ದೊಡ್ಡ ಪೆಟ್ಟಿಗೆಯೊಂದು ಮುಚ್ಚಿದಂತೆಯೇ ಸಿಕ್ಕಿತು. ಅದರೊಳಗೆ 16 ಸಣ್ಣ ಪೆಟ್ಟಿಗೆಗಳು, ಪ್ರತಿಯೊಂದರಲ್ಲಿಯೂ 48 ಪೊಟ್ಟಣಗಳು, ಪ್ರತಿ ಪೊಟ್ಟಣದಲ್ಲಿ 14 ಕಾರ್ಡುಗಳು, ಗುಣಿಸಿದರೆ 10,752. ಆ ಶ್ರೇಣಿಯ ಕಾರ್ಡುಗಳು 396. 18ನೆಯದು ಹಾಕಿಯ ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡು. ಭಾಗಿಸಿ ನೋಡಿದರೆ ಅವನವು ಸುಮಾರು 27 ಇರಬಹುದು. 2024ರ ಫೆಬ್ರವರಿಯಲ್ಲಿ ಆ ಪೆಟ್ಟಿಗೆಯು 37 ಲಕ್ಷ 20 ಸಾವಿರ ಡಾಲರಿಗೆ ಹರಾಜಾಯಿತು.

ಆದರೆ 2021ರಲ್ಲಿ ಇದೇ ಗ್ರೆಟ್ಸ್ಕಿಯ ಒಂದೇ ಒಂದು ಬಿಡಿ ಕಾರ್ಡು 37 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾಗಿತ್ತು! ಇಪ್ಪತ್ತೇಳನ್ನು ಅಡಗಿಸಿಕೊಂಡ ಪೆಟ್ಟಿಗೆಗಿಂತ ಒಂದಕ್ಕೇ ಹೆಚ್ಚು ಬೆಲೆ ಬಂದುದೇಕೆ? ಆ ಕಾಲದ ಕಾರ್ಡುಗಳನ್ನು ತಂತಿಯಿಂದ ಕತ್ತರಿಸುತ್ತಿದ್ದುದರಿಂದ ಅಂಚುಗಳು ಒರಟು. ನೀಲಿ ಅಂಚಿನ ಬಣ್ಣವು ಬೇಗ ಉದುರುವುದು. ಜೊತೆಗಿಟ್ಟ ಚೂಯಿಂಗ್ ಗಮ್ಮಿನ ಕಲೆ ಬೇರೆ. ಲೋಪವಿಲ್ಲದ ಪ್ರತಿ ಅತಿ ವಿರಳ. ಪೆಟ್ಟಿಗೆಯ 27ರಲ್ಲಿ ಅಂಥದು ಒಂದಿದೆಯೋ ಇಲ್ಲವೋ ತಿಳಿಯಬೇಕಾದರೆ 768 ಪೊಟ್ಟಣಗಳನ್ನು ಒಡೆಯಬೇಕು; ಒಡೆದೊಡನೆ ಮೊಹರಿಗೆ ತೆತ್ತ ಹಣವು ಹೋಯಿತು.